ಹೊಟ್ಟೆಯೊಳಗಿನ ಬಲೂನ್: ತೆಗೆಸುವ ದಿನ ಬರೆದಿಟ್ಟಿದ್ದೀರಾ?



ಕಳೆದ ಮಳೆಗಾಲದಲ್ಲಿ ರಾಣೆಬೆನ್ನೂರಿನ ಸಹೋದರಿಯೊಬ್ಬರು ಅತ್ತೆಯ ಜೊತೆ ಹಾವೇರಿಯ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಹುಳಿತೇಗು, ಉಂಡ ಮೇಲೆ ಹೊಟ್ಟೆ ಕಲ್ಲಿನಂತಾಗುವುದು, ಬೆಳಿಗ್ಗೆ ಎದ್ದರೆ ಬಾಯಲ್ಲಿ ಕೊಳೆತ ಮೊಟ್ಟೆಯ ವಾಸನೆ. ಇದೆಲ್ಲವನ್ನೂ ಹೇಳುತ್ತಿದ್ದವರು ಅತ್ತೆ. ಸೊಸೆ ತಲೆ ತಗ್ಗಿಸಿ ಕುಳಿತಿದ್ದರು. "ಗ್ಯಾಸ್ ಆಗೇತ್ರಿ, ಒಂದ್ ಇಂಜೆಕ್ಷನ್ ಹಾಕಿ ಬಿಡ್ರಿ" ಎಂಬುದು ಅತ್ತೆಯ ಸಲಹೆ. ಪರೀಕ್ಷೆ ಮಾಡಬೇಕು, ತುಸು ಹೊರಗೆ ಕುಳಿತಿರಿ ಎಂದು ಅವರನ್ನು ಕಳಿಸಿ ಪರದೆ ಎಳೆದೆ. ಸೊಸೆ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದರು.

"ಆಪಾ, ನನ್ನ ಹೊಟ್ಟ್ಯಾಗ ಬಲೂನ್ ಐತ್ರಿ. ಮನ್ಯಾಗ ಯಾರಿಗೂ ಗೊತ್ತಿಲ್ಲ."

ಎರಡು ವರ್ಷ ಗಂಡನೊಡನೆ ಕೊಲ್ಲಿಯ ಒಂದು ನಗರದಲ್ಲಿದ್ದವರು ಅವರು. ಎರಡನೆಯ ಹೆರಿಗೆಯ ನಂತರ ತೂಕ ಏರಿತ್ತು. ಅಲ್ಲಿಯೇ ಬಲೂನ್ ಹಾಕಿಸಿಕೊಂಡರು. ಆರು ತಿಂಗಳಿಗೆ ತೆಗೆಸಬೇಕೆಂದು ಅಲ್ಲಿ ಹೇಳಿದ್ದರು. ಅಷ್ಟರಲ್ಲಿ ನಾದಿನಿಯ ನಿಕಾಹ್ ಬಂತು, ಊರಿಗೆ ಬಂದರು, ಮಾವನ ಆರೋಗ್ಯ ಕೆಟ್ಟಿತು, ಇಲ್ಲಿಯೇ ಉಳಿದರು. ಈಗ ಎಂಟನೆಯ ತಿಂಗಳು ನಡೆಯುತ್ತಿದೆ.

"ತೆಗೆಸಬೇಕಿತ್ತಲ್ಲ ಬೇಟಿ?" ಎಂದೆ.

"ಅದು ತಾನ ಒಡದು ಹೋಗ್ತೈತಂತಲ್ರಿ ಆಪಾ. ನಮ್ಮ ಖಾಲಾನ ಮಗಳದು ಹಂಗ ಹೋತು. ಆಕಿಗೆ ಗೊತ್ತ ಆಗ್ಲಿಲ್ಲ."

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಏಕೆಂದರೆ ಆ ಒಂದು ಮಾತಿನಲ್ಲಿರುವ ತಪ್ಪು ತಿಳಿವಳಿಕೆ ಪ್ರಾಣಕ್ಕೆ ಬರಬಹುದಾದದ್ದು. ಖಾಲಾನ ಮಗಳು ಸುಳ್ಳು ಹೇಳಿರಲಿಲ್ಲ. ಆದರೆ ಅವಳ ಹೊಟ್ಟೆಯಲ್ಲಿದ್ದ ಬಲೂನೇ ಬೇರೆ, ಇವರ ಹೊಟ್ಟೆಯಲ್ಲಿದ್ದ ಬಲೂನೇ ಬೇರೆ.

ಮೊದಲು ಈ ಬಲೂನ್ ಎಂದರೇನು ಎಂದು ತಿಳಿಯೋಣ. ಇದರ ಹುಟ್ಟು ವಿಚಿತ್ರವಾಗಿದೆ. ಕೆಲವರಿಗೆ, ಅದರಲ್ಲೂ ಎಳೆಯ ಹೆಣ್ಣುಮಕ್ಕಳಿಗೆ, ತಮ್ಮದೇ ಕೂದಲನ್ನು ಕಿತ್ತು ನುಂಗುವ ಅಭ್ಯಾಸವಿರುತ್ತದೆ. ವರ್ಷಗಟ್ಟಲೆ ಆ ಕೂದಲು ಜಠರದಲ್ಲಿ ಉಂಡೆ ಕಟ್ಟುತ್ತದೆ. ಅಂಥವರಿಗೆ ಹಸಿವು ಕಡಿಮೆಯಾಗಿ ತೂಕ ಇಳಿಯುವುದನ್ನು ವೈದ್ಯರು ಹಿಂದಿನಿಂದಲೂ ನೋಡಿದ್ದರು. ಹಾಗಾದರೆ ಜಠರದಲ್ಲಿ ನಾವೇ ಒಂದು ಕೃತಕ ಉಂಡೆ ಇಟ್ಟರೆ ಹೇಗೆ ಎಂದು ಡೆನ್ಮಾರ್ಕಿನ ನೀಬೆನ್ ಮತ್ತು ಹಾರ್ಬೋ ಎಂಬ ವೈದ್ಯರು 1982ರಲ್ಲಿ ಬರೆದರು. 1985ರಲ್ಲಿ ಅಮೆರಿಕದಲ್ಲಿ ಗ್ಯಾರೆನ್–ಎಡ್ವರ್ಡ್ಸ್ ಎಂಬ ಹೆಸರಿನ ಗಾಳಿ ತುಂಬಿದ ಬಲೂನಿಗೆ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಅದು ಉರುಳೆಯಾಕಾರದ್ದು, ಅಂಚುಗಳು ಒರಟು. ಜಠರದ ಒಳಪದರವನ್ನು ಉಜ್ಜಿ ಹುಣ್ಣು ಮಾಡಿತು, ಕೆಲವರಲ್ಲಿ ಗಾಳಿ ಹೋಗಿ ಕೆಳಗೆ ಜಾರಿ ಕರುಳಿಗೆ ಅಡ್ಡವಾಯಿತು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. 1987ರಲ್ಲಿ ಫ್ಲಾರಿಡಾದ ಟಾರ್ಪನ್ ಸ್ಪ್ರಿಂಗ್ಸ್ ಎಂಬಲ್ಲಿ ತಜ್ಞರು ಸೇರಿ, ಬಲೂನ್ ನುಣುಪಾಗಿರಬೇಕು, ಗಾಳಿಯ ಬದಲು ದ್ರವ ತುಂಬಬೇಕು, ಎಕ್ಸ್-ರೇಯಲ್ಲಿ ಕಾಣುವ ಗುರುತಿರಬೇಕು ಎಂದೆಲ್ಲ ನಿಯಮ ಹೇಳಿದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಸಿಲಿಕೋನ್ ಬಲೂನುಗಳು ಆ ನಿಯಮಗಳ ಮೇಲೆ ಬೆಳೆದವು.

ಈಗಿನದನ್ನು ಹಾಕುವುದು ಹೀಗೆ. ಖಾಲಿ ಬಲೂನನ್ನು ಬಾಯಿಯ ಮೂಲಕ ಜಠರಕ್ಕೆ ಇಳಿಸಿ, ಕೊಳವೆಯಿಂದ ಸಲೈನ್ ನೀರು ತುಂಬುತ್ತಾರೆ. ಸಾಮಾನ್ಯವಾಗಿ 400ರಿಂದ 700 ಮಿ.ಲೀ. ಅಂದರೆ ಒಂದು ಒಳ್ಳೆಯ ಗಾತ್ರದ ಮೂಸಂಬಿಗಿಂತಲೂ ದೊಡ್ಡದಾದ ಗೋಲ. ಬಹಳ ಕಡೆ ಆ ನೀರಿಗೆ ನೀಲಿ ಬಣ್ಣದ ಔಷಧಿಯನ್ನೂ ಸೇರಿಸುತ್ತಾರೆ. ಆ ಬಣ್ಣ ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಜಠರದ ಅರ್ಧ ಜಾಗವನ್ನು ಬಲೂನೇ ಆಕ್ರಮಿಸಿದ್ದರಿಂದ ಎರಡು ತುತ್ತಿಗೇ ಹೊಟ್ಟೆ ತುಂಬಿದಂತೆ ಅನಿಸುತ್ತದೆ, ಉಂಡದ್ದು ನಿಧಾನವಾಗಿ ಕೆಳಗಿಳಿಯುತ್ತದೆ. ಮೊದಲ ಕೆಲವು ದಿನ ವಾಂತಿ, ಓಕರಿಕೆ, ಹೊಟ್ಟೆ ಹಿಂಡುವುದು ಬಹುತೇಕ ಎಲ್ಲರಿಗೂ ಆಗುತ್ತದೆ. ಆಮೇಲೆ ದೇಹ ಒಗ್ಗಿಕೊಳ್ಳುತ್ತದೆ. ಒಗ್ಗಿಕೊಂಡ ಮೇಲೆ ಮರೆತೂ ಹೋಗುತ್ತದೆ. ತೊಂದರೆ ಇರುವುದು ಆ ಮರೆವಿನಲ್ಲಿಯೇ.

ಎರಡು ಬಗೆ ಎಂದೆನಲ್ಲ, ಅದನ್ನು ದಯವಿಟ್ಟು ಗಮನವಿಟ್ಟು ಓದಿ. ಒಂದು ಬಗೆಯದನ್ನು ಎಂಡೋಸ್ಕೋಪಿಯಿಂದಲೇ ಹಾಕಿ ಎಂಡೋಸ್ಕೋಪಿಯಿಂದಲೇ ತೆಗೆಯಬೇಕು. ಆರ್ಬೆರಾ, ಸ್ಪಾಟ್ಜ್ ಎಂಬ ಹೆಸರಿನವು ಈ ಗುಂಪಿನವು. ಇವು ಕರಗುವುದಿಲ್ಲ, ತಾನಾಗಿ ಹೋಗುವುದಕ್ಕೆಂದು ಮಾಡಿದವೂ ಅಲ್ಲ. ಆರ್ಬೆರಾದ ಮೂಲ ರೂಪಕ್ಕೆ 6 ತಿಂಗಳ ಅವಧಿ. ಅದರದೇ 365 ಎಂಬ ರೂಪ 12 ತಿಂಗಳಿನದು. ಇನ್ನೊಂದು ಬಗೆಯದು ಮಾತ್ರೆಯಂತೆ ನುಂಗುವಂಥದ್ದು, ಅಲ್ಯೂರಿಯನ್ ಎಂದು ಹೆಸರು. ಅದಕ್ಕೆ ಎಂಡೋಸ್ಕೋಪಿ ಬೇಡ. ಸುಮಾರು 16 ವಾರಗಳಿಗೆ ಅದರ ಬಾಯಿ ತಾನೇ ತೆರೆದು, ನೀರು ಹೊರಬಂದು, ಚೀಲ ಮಲದ ಜೊತೆ ಹೋಗುವಂತೆ ಮಾಡಿದ್ದಾರೆ. ಖಾಲಾನ ಮಗಳ ಬಲೂನ್ ಇದೇ. ಆದರೆ ಇದೂ ಪೂರ್ತಿ ನಿಶ್ಚಿಂತೆಯದಲ್ಲ. ಅಪರೂಪಕ್ಕೆ ಆ ಚೀಲ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ ಬೇಕಾದದ್ದುಂಟು. ಫ್ರಾನ್ಸ್ ದೇಶ 2024ರಲ್ಲಿ ಇದರ ಮಾರಾಟವನ್ನು ತಡೆಹಿಡಿದಿತ್ತು. ಆದ್ದರಿಂದ ನುಂಗುವ ಬಲೂನಿನವರೂ ನಾಲ್ಕನೆಯ ತಿಂಗಳಿನ ಆಸುಪಾಸಿನಲ್ಲಿ ಹೊಟ್ಟೆನೋವು, ಬಿಡದ ವಾಂತಿ ಬಂದರೆ "ಗ್ಯಾಸ್" ಎಂದು ಸೋಡಾ ಕುಡಿದು ಮಲಗಬಾರದು.

ನಿಮ್ಮದು ಯಾವ ಬಗೆ? ಹಾಕಿದವರು ಒಂದು ಕಾರ್ಡು ಕೊಟ್ಟಿರುತ್ತಾರೆ. ಅದರಲ್ಲಿ ಬಲೂನಿನ ಹೆಸರು, ತುಂಬಿದ ನೀರಿನ ಪ್ರಮಾಣ, ಹಾಕಿದ ತಾರೀಖು ಇರುತ್ತವೆ. ಆ ಕಾರ್ಡು ಒಡವೆ ಇಡುವ ಪೆಟ್ಟಿಗೆಯಲ್ಲಿರಲಿ. ಕಳೆದಿದ್ದರೆ ಹಾಕಿದ ಆಸ್ಪತ್ರೆಗೆ ಬರೆದು ಡಿಸ್ಚಾರ್ಜ್ ಕಾರ್ಡಿನ ಪ್ರತಿ ತರಿಸಿಕೊಳ್ಳಿ. ವಿದೇಶವಾದರೂ ಮೊಬೈಲಿನಲ್ಲಿ ಒಂದು ಫೋಟೊ ಕಳಿಸುವುದು ಅವರಿಗೆ ದೊಡ್ಡ ಕೆಲಸವಲ್ಲ. ನಮ್ಮ ರಾಣೆಬೆನ್ನೂರಿನ ಸಹೋದರಿಯ ಕಾರ್ಡು ಸಿಕ್ಕಿದ್ದು ಅವರ ಪತಿಯ ಬಳಿ, ಸೂಟ್‌ಕೇಸಿನ ಪದರದಲ್ಲಿ. ಅದು ಆರು ತಿಂಗಳಿನದೇ ಆಗಿತ್ತು.

"ಆದರೆ ನನಗೇನೂ ತ್ರಾಸಿಲ್ಲ, ಇನ್ನೆರಡು ಕಿಲೋ ಇಳಿಯಲಿ, ಆಮೇಲೆ ತೆಗೆಸಿದರಾಯಿತು" ಎನ್ನುವವರಿದ್ದಾರೆ. ಅವಧಿ ಎಂದು ಹಾಕಿದ್ದು ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖಿನ ಹಾಗೆ ಒಂದು ದಿನ ಆಚೀಚೆ ಆದರೂ ನಡೆಯುತ್ತದೆ ಎಂಬಂಥದ್ದಲ್ಲ. ಜಠರದಲ್ಲಿ ಇರುವುದು ಆಸಿಡ್. ಹಗಲೂ ರಾತ್ರಿ ಅದರಲ್ಲಿ ನೆನೆದ ಸಿಲಿಕೋನ್ ಗೋಡೆ ದಿನ ಕಳೆದಂತೆ ಬಲ ಕಳೆದುಕೊಳ್ಳುತ್ತದೆ. ಅದರ ಮೇಲೆ ಬೂಷ್ಟಿನಂತೆ ಶಿಲೀಂಧ್ರವೂ ಬೆಳೆಯುವುದುಂಟು. ಒಂದು ದಿನ ಬಲೂನ್ ಸೋರಿ ಕುಗ್ಗಿದರೆ, ಖಾಲಿ ಚೀಲ ಜಠರದ ಕೆಳಬಾಗಿಲು ದಾಟಿ ಸಣ್ಣ ಕರುಳಿಗೆ ಇಳಿಯಬಹುದು. ಅಲ್ಲಿ ಸಿಕ್ಕಿಕೊಂಡರೆ ಎಂಡೋಸ್ಕೋಪಿ ಮುಟ್ಟುವುದಿಲ್ಲ, ಹೊಟ್ಟೆಯ ಆಪರೇಷನ್ನೇ ಆಗಬೇಕು. ಸೋರದೆ ಉಳಿದರೂ ಒಂದೇ ಕಡೆ ಒತ್ತಿ ಒತ್ತಿ ಹುಣ್ಣಾಗಬಹುದು, ರಕ್ತ ಬರಬಹುದು, ಅತ್ಯಂತ ಅಪರೂಪಕ್ಕೆ ಜಠರಕ್ಕೆ ತೂತು ಬೀಳಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2018ರಲ್ಲಿ, ದ್ರವ ತುಂಬಿದ ಬಲೂನ್ ಇದ್ದವರಲ್ಲಿ 2016ರಿಂದೀಚೆಗೆ ಜಗತ್ತಿನಾದ್ಯಂತ 12 ಸಾವುಗಳು ವರದಿಯಾಗಿವೆ ಎಂದು ವೈದ್ಯರನ್ನು ಎಚ್ಚರಿಸಿತು. ಹಾಕಿಸಿಕೊಂಡವರ ಸಂಖ್ಯೆಗೆ ಹೋಲಿಸಿದರೆ ಇದು ಬಹಳ ಚಿಕ್ಕ ಸಂಖ್ಯೆ, ಹೆದರಿಸಲು ಹೇಳುತ್ತಿಲ್ಲ. ಅವಧಿಯೊಳಗೇ ತೊಂದರೆಯಾದವರೂ ಇದ್ದಾರೆ. ಅವಧಿ ಮೀರಿದರೆ ಅಪಾಯವನ್ನು ನಾವೇ ಕೈಯಾರೆ ಹೆಚ್ಚಿಸಿಕೊಂಡಂತೆ.

ಈಗ ನೀಲಿ ಬಣ್ಣದ ವಿಷಯ. ಬಲೂನ್ ಸೋರಿದರೆ ಆ ಬಣ್ಣ ರಕ್ತಕ್ಕೆ ಸೇರಿ ಮೂತ್ರ ಹಸಿರು ಅಥವಾ ನೀಲಿಯಾಗುತ್ತದೆ. ಹಾಗೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು, ನಾಳೆ ಎನ್ನಬಾರದು. ಇನ್ನೂ ಚೀಲ ಜಠರದಲ್ಲೇ ಇರುವಾಗ ಹಿಡಿದರೆ ಸುಲಭವಾಗಿ ತೆಗೆಯಬಹುದು. ಬಣ್ಣ ಹಾಕದ ಬಲೂನುಗಳೂ ಇವೆ. ಹಾಗಿದ್ದಲ್ಲಿ ಇದ್ದಕ್ಕಿದ್ದಂತೆ ಹಸಿವು ಹೆಚ್ಚಿ ಮೊದಲಿನಷ್ಟು ಊಟ ಸೇರತೊಡಗಿದರೆ ಅದೇ ಸುಳಿವು.

ಇಷ್ಟು ಹೇಳಿದ ಮೇಲೆ ಗುಟ್ಟಿನ ವಿಷಯಕ್ಕೆ ಬರುತ್ತೇನೆ. ನನಗೆ ಬಲೂನಿಗಿಂತಲೂ ಹೆಚ್ಚು ಭಯ ಹುಟ್ಟಿಸಿದ್ದು ಅದು. ಆ ಸಹೋದರಿ ಒಂದು ರಾತ್ರಿ ವಾಂತಿ ಮಾಡಿಕೊಂಡು ಎಚ್ಚರ ತಪ್ಪಿದ್ದರೆ, ಅತ್ತೆ ಕರೆದೊಯ್ದ ಆಸ್ಪತ್ರೆಯಲ್ಲಿ ಬಲೂನ್ ಇದೆ ಎಂದು ಯಾರು ಹೇಳುತ್ತಿದ್ದರು? ಗಂಡ ಸಮುದ್ರದಾಚೆ. ಮೊಣಕಾಲು ನೋವಿಗೆಂದು ಮೆಡಿಕಲ್ ಶಾಪಿನಿಂದ ಅತ್ತೆ ತಂದ ನೋವಿನ ಗುಳಿಗೆಯನ್ನು ಅವರು ಎರಡು ಬಾರಿ ನುಂಗಿದ್ದೂ ಆಗಿತ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್‌ನಂಥ ಗುಳಿಗೆಗಳು ಬಲೂನ್ ಇರುವ ಜಠರಕ್ಕೆ ವಿಷವಿದ್ದಂತೆ, ಹುಣ್ಣನ್ನು ಕರೆದು ತರುತ್ತವೆ. ದಿನವೂ ತೆಗೆದುಕೊಳ್ಳಬೇಕಾದ ಆಸಿಡ್ ಕಡಿಮೆ ಮಾಡುವ ಗುಳಿಗೆಯನ್ನು, ಯಾರಾದರೂ ಯಾಕೆಂದು ಕೇಳಿಯಾರೆಂದು, ಅವರು ನಿಲ್ಲಿಸಿಬಿಟ್ಟಿದ್ದರು.

ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. "ದಪ್ಪ ಅದಾಳ ಅಂತ ಮೊದಲ ಅಂತಾರ್ರಿ. ರೊಕ್ಕ ಕೊಟ್ಟು ಹೊಟ್ಟ್ಯಾಗ ಬಲೂನ್ ಇಟ್ಕೊಂಡಾಳ ಅಂದ್ರ ಇನ್ನ ಏನಂದಾರು?"

ಇದಕ್ಕೆ ನನ್ನ ಬಳಿ ಔಷಧವಿಲ್ಲ. ಪಕ್ಕದ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಎರಡು ಬಗೆ, ಗುಂಡಗಿನದು ಡಬ್ಬಿ, ಉದ್ದನೆಯ ಸಪೂರದ್ದು ಕಡ್ಡಿ. ಕೊಳ್ಳಲು ಬಂದ ಯಾರೂ ಡಬ್ಬಿಯನ್ನು ಕೈಯಲ್ಲಿ ಹಿಡಿದು ಇದೇಕೆ ಇಷ್ಟು ದಪ್ಪ ಎಂದು ಮೂಗು ಮುರಿಯುವುದಿಲ್ಲ. ಹೆಣ್ಣು ನೋಡಲು ಬಂದವರು ಮಾತ್ರ ಮುರಿಯುತ್ತಾರೆ, ಸೊಸೆಯಾಗಿ ಬಂದ ಮೇಲೂ ಮುರಿಯುತ್ತಾರೆ. ಹೆಚ್ಚಿನ ತೂಕದಿಂದ ಸಕ್ಕರೆ ಕಾಯಿಲೆ, ಬಿ.ಪಿ., ಮೊಣಕಾಲು ಸವೆತ, ಮುಟ್ಟಿನ ಏರುಪೇರು ಬರುವುದು ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ನೂರು ಮಹಿಳೆಯರಲ್ಲಿ ಸುಮಾರು 30 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಇದು ಚಿಕಿತ್ಸೆಯ ವಿಷಯವೇ ಹೊರತು ಚಾಡಿಯ ವಿಷಯವಲ್ಲ. ಅತ್ತೆಯಂದಿರೂ ಈ ಪುಟ ಓದುತ್ತೀರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಎಲ್ಲರಿಗೂ ಡಂಗುರ ಹೊಡೆಯಬೇಕಿಲ್ಲ. ಆದರೆ ನಿಮ್ಮೊಡನೆ ಒಂದೇ ಸೂರಿನಡಿ ಮಲಗುವ ಒಬ್ಬರಿಗಾದರೂ ಬಲೂನಿನ ಹೆಸರು ಮತ್ತು ತೆಗೆಸುವ ತಾರೀಖು ಗೊತ್ತಿರಲಿ.

ಸಹೋದರಿಯ ಒಪ್ಪಿಗೆಯಿಂದ ಅಂದು ನಾನೇ ಅತ್ತೆಯನ್ನು ಒಳಗೆ ಕರೆದು ಹೇಳಿದೆ. ಅವರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಅದನ್ನ ತಗಿಯೋರು ಎಲ್ಲಿ ಅದಾರ್ರಿ?"

ಸರಿಯಾದ ಪ್ರಶ್ನೆ. ಹಾವೇರಿ 1997ರಲ್ಲಿ ಜಿಲ್ಲೆಯಾಯಿತು, ಈಗ ವೈದ್ಯಕೀಯ ಕಾಲೇಜೂ ಬಂದಿದೆ. ಆದರೂ ಈ ಬಗೆಯ ಕೆಲಸಕ್ಕೆ ಹಾವೇರಿ, ಬ್ಯಾಡಗಿಯವರು ಸುಮಾರು 70 ಕಿ.ಮೀ. ಆಚೆಯ ಹುಬ್ಬಳ್ಳಿಯತ್ತ, ರಾಣೆಬೆನ್ನೂರಿನವರು ಸುಮಾರು 40 ಕಿ.ಮೀ. ದೂರದ ದಾವಣಗೆರೆಯತ್ತ ನೋಡುವುದೇ ಹೆಚ್ಚು. ಅಲ್ಲಿ ಗ್ಯಾಸ್ಟ್ರೋ ತಜ್ಞರಿದ್ದಾರೆ. ಆದರೆ ಎಂಡೋಸ್ಕೋಪಿ ಇದೆ ಎಂಬ ಬೋರ್ಡು ನೋಡಿ ನೇರವಾಗಿ ಹೋಗಬೇಡಿ. ಹುಣ್ಣು ನೋಡುವ ಎಂಡೋಸ್ಕೋಪಿ ಕೆಲವು ನಿಮಿಷದ್ದು, ಗಂಟಲಿಗೆ ಮರಗಟ್ಟಿಸುವ ಔಷಧಿ ಚಿಮುಕಿಸಿಯೂ ಮಾಡುತ್ತಾರೆ. ಬಲೂನ್ ತೆಗೆಯುವುದಕ್ಕೆ ಬೇರೆ ಸೂಜಿ, ಬೇರೆ ಚಿಮಟ, ಅರಿವಳಿಕೆ ವೈದ್ಯರು ಬೇಕು. ಫೋನ್ ಮಾಡಿ, ಕಾರ್ಡಿನ ಫೋಟೊ ಕಳಿಸಿ, ಈ ಹೆಸರಿನ ಬಲೂನ್ ಮೊದಲು ತೆಗೆದಿದ್ದೀರಾ, ಅದರ ಸಾಮಗ್ರಿ ಇದೆಯೇ, ತರಿಸಲು ಎಷ್ಟು ದಿನ ಬೇಕು, ಖರ್ಚೆಷ್ಟು ಎಂದು ಕೇಳಿ. ಇನ್ನೂ ಹಾಕಿಸಿಕೊಳ್ಳದವರು ಈ ಪ್ರಶ್ನೆಯನ್ನು ಹಾಕಿಸಿಕೊಳ್ಳುವ ಮೊದಲೇ ಕೇಳಬೇಕು: ನೀವು ಹೇಳಿದ ಮೊತ್ತದಲ್ಲಿ ತೆಗೆಯುವ ಖರ್ಚೂ ಸೇರಿದೆಯೇ? ಸೇರಿದ್ದರೆ ಬರೆದುಕೊಡಿ. ಜಾಹೀರಾತುಗಳೆಲ್ಲ ಹಾಕುವುದನ್ನೇ ಹೇಳುತ್ತವೆ, ತೆಗೆಯುವುದನ್ನು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ನಾನು ಕಂಡಿಲ್ಲ.

ತೆಗೆಸುವ ಮೊದಲಿನ ದಿನಗಳ ಪಥ್ಯ ಎಲ್ಲಕ್ಕಿಂತ ಮುಖ್ಯ. ನಮ್ಮ ಸಹೋದರಿ ಎಡವಿದ್ದೂ ಅಲ್ಲಿಯೇ. ಬಲೂನ್ ಇರುವ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ನಿನ್ನೆ ರಾತ್ರಿ ಉಂಡದ್ದು ಇಂದು ಮಧ್ಯಾಹ್ನವೂ ಅಲ್ಲಿಯೇ ಇರಬಹುದು. ಅರಿವಳಿಕೆಯಲ್ಲಿ ಮಲಗಿದ್ದಾಗ ಆ ಅನ್ನ ಮೇಲೆ ಬಂದು ಶ್ವಾಸನಾಳಕ್ಕೆ ಇಳಿದರೆ ಉಸಿರು ಕಟ್ಟುತ್ತದೆ, ನ್ಯುಮೋನಿಯಾ ಆಗುತ್ತದೆ. ಅದಕ್ಕೆ ಎರಡು ಮೂರು ದಿನ ಬರೀ ದ್ರವಾಹಾರ, ಕೊನೆಯ ಹನ್ನೆರಡು ಗಂಟೆ ಬಾಯಿಗೆ ಏನೂ ಇಲ್ಲ ಎಂದು ಹೇಳುತ್ತಾರೆ. ನಿಮ್ಮ ವೈದ್ಯರು ಹೇಳಿದ್ದನ್ನೇ ಪಾಲಿಸಿ. ಇವರು ಎರಡು ದಿನ ಪಾಲಿಸಿದ್ದು ಅಕ್ಕಿ ಗಂಜಿ. ಗಂಜಿ ಎಂದರೆ ನೀರೇ ತಾನೇ ಎಂದುಕೊಂಡರು. ಎಂಡೋಸ್ಕೋಪ್ ಇಳಿಸಿದರೆ ಬಲೂನಿನ ಸುತ್ತ ಅನ್ನದ ಅಗುಳು. ಆ ವೈದ್ಯರು ಮುಂದುವರಿಯಲಿಲ್ಲ, ಕೊಳವೆ ಹೊರತೆಗೆದು ಮೂರು ದಿನ ಬಿಟ್ಟು ಬನ್ನಿ ಎಂದು ಕಳಿಸಿದರು. ಮನೆಯವರಿಗೆ ಸಿಟ್ಟು ಬಂತು, ಗಾಡಿ ಬಾಡಿಗೆ ಹೋಯಿತು ಎಂದು. ನನಗೆ ಆ ವೈದ್ಯರ ಮೇಲೆ ಗೌರವ ಬಂತು.

ದ್ರವ ಯಾವುದು ಎಂಬುದಕ್ಕೆ ಅಡುಗೆಮನೆಯ ಪರೀಕ್ಷೆ ಒಂದಿದೆ. ಚಹಾ ಸೋಸುವ ಜಾಲರಿಯಲ್ಲಿ ಸುರಿಯಿರಿ. ಮೇಲೆ ಏನಾದರೂ ಉಳಿದರೆ ಅದು ದ್ರವವಲ್ಲ. ತಿಳಿ ಸಾರು, ಸೋಸಿದ ಹಣ್ಣಿನ ರಸ, ಎಳನೀರು, ಸೋಸಿದ ಯಖ್ನಿ ನಡೆಯುತ್ತವೆ. ಗಂಜಿ, ಹಲೀಮ್, ಖೀರು, ಪಾಯಸ ನಡೆಯುವುದಿಲ್ಲ. ಕೊನೆಯ ದಿನ ಹಾಲೂ ಬೇಡ ಎನ್ನುವವರಿದ್ದಾರೆ, ಕೇಳಿಕೊಳ್ಳಿ. ತಪ್ಪಿ ಏನಾದರೂ ತಿಂದಿದ್ದರೆ ಹೇಳಿಬಿಡಿ. ಬೈಸಿಕೊಳ್ಳುವುದು ಉಸಿರು ಕಟ್ಟಿಸಿಕೊಳ್ಳುವುದಕ್ಕಿಂತ ಮೇಲು. ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈ ದಿನಗಳಲ್ಲಿ ಪ್ರಮಾಣ ಎಷ್ಟು ಎಂದು ಮೊದಲೇ ಕೇಳಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ತಲೆ ಸುತ್ತಿ ಬೀಳುತ್ತೀರಿ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶಕ್ಕೂ ಬಂದಿವೆ. ಅವು ಜಠರವನ್ನು ಇನ್ನೂ ನಿಧಾನ ಮಾಡುತ್ತವೆ. ಯಾರಾದರೂ ಬರೆದುಕೊಟ್ಟು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು.

ರಮಝಾನ್ ತಿಂಗಳಲ್ಲಿ ತಾರೀಖು ಬಿದ್ದರೆ? ಇದನ್ನು ಕೇಳಿ ಈ ಹಿಂದೆ ಒಬ್ಬ ಓದುಗ ಸಹೋದರಿ ಪತ್ರ ಬರೆದಿದ್ದರು, ಹೇಗೂ ರೋಝಾ ಇರುತ್ತೇನೆ, ಹೊಟ್ಟೆ ಖಾಲಿಯೇ ಇರುತ್ತದಲ್ಲ ಎಂದು. ಖಾಲಿ ಇರುವುದಿಲ್ಲ. ಇಫ್ತಾರಿನಲ್ಲಿ ತಿಂದ ಸಮೋಸ, ಸಹರಿಯಲ್ಲಿ ಉಂಡ ರೊಟ್ಟಿ ಬಲೂನಿನ ಪಕ್ಕದಲ್ಲೇ ಕುಳಿತಿರುತ್ತವೆ. ಜೊತೆಗೆ ಹಗಲೆಲ್ಲ ನೀರಿಲ್ಲದೆ, ಬಲೂನಿನಿಂದ ವಾಂತಿಯೂ ಆದರೆ ದೇಹದ ನೀರು ಬತ್ತುತ್ತದೆ. ಕಾಯಿಲೆಯವರಿಗೂ ಪ್ರಯಾಣಿಕರಿಗೂ ರೋಝಾ ಬಿಟ್ಟು ಮುಂದೆ ತೀರಿಸುವ ರಿಯಾಯಿತಿ ಇದ್ದೇ ಇದೆ. ನಿಮ್ಮ ಸ್ಥಿತಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಊರಿನ ಆಲಿಮರನ್ನು ಕೇಳಿಕೊಳ್ಳಿ. ಈದ್ ಕಳೆಯಲಿ ಎಂದು ತಾರೀಖನ್ನು ತಿಂಗಳುಗಟ್ಟಲೆ ಮುಂದೆ ಹಾಕುವುದು ಮಾತ್ರ ಬೇಡ. ರಮಝಾನ್ ಯಾವಾಗ ಬರುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ, ಹಾಕಿಸಿಕೊಳ್ಳುವಾಗಲೇ ಆರು ತಿಂಗಳು ಎಣಿಸಿ ನೋಡಿದರೆ ಈ ಪೇಚೇ ಬರುವುದಿಲ್ಲ.

ತೆಗೆಸುವ ದಿನ ಮೂಗುತಿ, ಬಳೆ ತೆಗೆದಿಡಿ. ಬೆರಳ ತುದಿಗೆ ದಟ್ಟವಾದ ಕಪ್ಪು ಮೆಹೆಂದಿ, ಉಗುರು ಬಣ್ಣ ಇದ್ದರೆ ಆಮ್ಲಜನಕ ಅಳೆಯುವ ಕ್ಲಿಪ್ಪು ಸರಿಯಾಗಿ ತೋರಿಸದೇ ಇರಬಹುದು. ಮದುವೆ ಮನೆಯಿಂದ ನೇರವಾಗಿ ಹೋಗುವವರು ಗಮನಿಸಿ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲಿದ್ದರೆ ಹೇಳಿ. ಪರದೆಯ ಬಗ್ಗೆ ಅಂಜಿಕೆ ಬೇಡ. ಮುಖ ಮತ್ತು ಬಾಯಿ ಮಾತ್ರ ತೆರೆದಿದ್ದರೆ ಸಾಕು, ಮೈಮೇಲೆ ಆಸ್ಪತ್ರೆಯ ಗೌನೂ ಹೊದಿಕೆಯೂ ಇರುತ್ತವೆ. ಮಹಿಳಾ ಸಿಬ್ಬಂದಿ ಕೋಣೆಯಲ್ಲಿರಲಿ ಎಂದು ಕೇಳಿಕೊಳ್ಳಬಹುದು.

ಕೈಗೆ ಸೂಜಿ ಹಾಕಿ ನಿದ್ದೆ ಬರಿಸುತ್ತಾರೆ. ಎಷ್ಟೋ ಕಡೆ ಶ್ವಾಸನಾಳಕ್ಕೆ ಕೊಳವೆ ಹಾಕಿ ಉಸಿರನ್ನು ಭದ್ರಪಡಿಸುತ್ತಾರೆ. ಅದನ್ನು ಕೇಳಿ ಗಾಬರಿಯಾಗಬೇಡಿ, ನಾನು ಆಗಲೇ ಹೇಳಿದ ಉಸಿರುಗಟ್ಟುವ ಅಪಾಯವನ್ನು ತಡೆಯುವುದಕ್ಕೇ ಅದು. ನಂತರ ಕಿರುಬೆರಳಿನ ಗಾತ್ರದ ಎಂಡೋಸ್ಕೋಪ್ ಬಾಯಿಯಿಂದ ಅನ್ನನಾಳಕ್ಕೆ, ಅಲ್ಲಿಂದ ಜಠರಕ್ಕೆ ಇಳಿಯುತ್ತದೆ. ಅದರ ಒಳಗಿನ ದಾರಿಯಿಂದ ಉದ್ದನೆಯ ಸೂಜಿ ಕಳಿಸಿ ಬಲೂನನ್ನು ಚುಚ್ಚುತ್ತಾರೆ. ಸೂಜಿಯನ್ನು ಹಿಂದೆಳೆದು, ಅದರ ಕೊಳವೆಯನ್ನು ಬಲೂನಿನೊಳಗೇ ಬಿಟ್ಟು, ನೀರನ್ನೆಲ್ಲ ಹೊರಗೆ ಹೀರುತ್ತಾರೆ. ಒಂದು ಹನಿಯೂ ಉಳಿಯಬಾರದು. ಉಳಿದರೆ ಎಳೆಯುವಾಗ ಚೀಲ ಗಂಟಲಿನ ಕಿರಿದಾದ ಜಾಗದಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಖಾಲಿಯಾದ ಚೀಲವನ್ನು ಎರಡು ಕೊಕ್ಕೆಯ ಚಿಮಟದಿಂದ ಬಿಗಿಯಾಗಿ ಹಿಡಿದು, ಅನ್ನನಾಳ ಬಿಗಿಯದಂತೆ ಔಷಧಿ ಕೊಟ್ಟು, ಕತ್ತನ್ನು ತುಸು ಹಿಂದಕ್ಕೆ ಬಾಗಿಸಿ, ನಿಧಾನವಾಗಿ ಬಾಯಿಯಿಂದ ಹೊರಗೆಳೆಯುತ್ತಾರೆ. ಆಮೇಲೆ ಮತ್ತೊಮ್ಮೆ ಎಂಡೋಸ್ಕೋಪ್ ಇಳಿಸಿ ಎಲ್ಲಾದರೂ ಗಾಯ, ಹುಣ್ಣು ಇದೆಯೇ ಎಂದು ನೋಡುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ. ಹಳೆಯದಾದ, ಬೂಷ್ಟು ಹಿಡಿದ ಬಲೂನ್ ಆದರೆ ಹಿಡಿತ ಜಾರುತ್ತದೆ, ಚೀಲ ಹರಿಯುತ್ತದೆ, ಹೊತ್ತು ಹೆಚ್ಚಾಗುತ್ತದೆ.

ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಜೊತೆಗೆ ಒಬ್ಬರು ಇರಲೇಬೇಕು. ನಿದ್ದೆಯ ಔಷಧಿಯ ಮಂಪರಿನಲ್ಲಿ ಒಬ್ಬರೇ ಬಸ್ ಹತ್ತುವುದು, ಸ್ಕೂಟರ್ ಓಡಿಸುವುದು, ಕಾಗದಕ್ಕೆ ಸಹಿ ಹಾಕುವುದು ಒಂದು ದಿನದ ಮಟ್ಟಿಗೆ ಬೇಡ. ಗಂಟಲು ಒಂದೆರಡು ದಿನ ಕೆರೆಯುತ್ತದೆ. ಮೊದಲು ದ್ರವ, ಮರುದಿನದಿಂದ ಮೆತ್ತನೆಯ ಊಟ. ಎದೆನೋವು, ಕುತ್ತಿಗೆ ಊತ, ಉಸಿರಾಟಕ್ಕೆ ತೊಂದರೆ, ಜ್ವರ, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಬಿಗಿಯಾದ ಹೊಟ್ಟೆನೋವು ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಗಲಿ ಮರಳಿ ಆಸ್ಪತ್ರೆಗೆ.

ಮಕ್ಕಳಾಗುವ ವಯಸ್ಸಿನ ಸಹೋದರಿಯರಿಗೆ ಇನ್ನೊಂದು ಮಾತು. ಗರ್ಭಿಣಿಗೆ ಬಲೂನ್ ಇರಕೂಡದು. ಪಿ.ಸಿ.ಓ.ಡಿ. ಇದ್ದು ಮುಟ್ಟು ತಪ್ಪುತ್ತಿದ್ದವರಿಗೆ ತೂಕ ಇಳಿದ ಕೂಡಲೇ ಅಂಡಾಣು ಬಿಡುಗಡೆ ಮತ್ತೆ ಶುರುವಾಗಿ, ನಿರೀಕ್ಷೆಯಿಲ್ಲದೆ ಗರ್ಭ ನಿಲ್ಲುವುದುಂಟು. ವಾಂತಿಯಾದ ದಿನ ನುಂಗಿದ ಗರ್ಭನಿರೋಧಕ ಗುಳಿಗೆಯನ್ನೂ ನಂಬುವಂತಿಲ್ಲ. ಮುಟ್ಟು ಒಂದು ವಾರ ತಡವಾದರೆ, ಅದು ಬಲೂನಿನ ವಾಂತಿ ಎಂದುಕೊಂಡು ಕೂರದೆ ಪರೀಕ್ಷೆ ಮಾಡಿಸಿ, ಬಲೂನ್ ಹಾಕಿದವರಿಗೂ ತಿಳಿಸಿ.

ತೆಗೆದ ಮೇಲೆ ತೂಕ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಆರು ತಿಂಗಳಲ್ಲಿ ಸರಾಸರಿ ದೇಹದ ತೂಕದ ಹತ್ತನೆಯ ಒಂದು ಭಾಗದಷ್ಟು ಇಳಿಯುತ್ತದೆ. 80 ಕಿಲೋದವರು 72ಕ್ಕೆ ಬಂದಂತೆ. ಬಲೂನ್ ಹೋದ ಮೇಲೆ ಹಸಿವು ಮರಳುತ್ತದೆ, ಇಳಿದದ್ದರಲ್ಲಿ ಒಂದಿಷ್ಟು ಬಹಳ ಮಂದಿಗೆ ವಾಪಸು ಬರುತ್ತದೆ. ಆ ಆರು ತಿಂಗಳು ಚಿಕ್ಕ ತಟ್ಟೆಯಲ್ಲಿ ಉಣ್ಣುವುದನ್ನೂ, ಅಗಿದು ನುಂಗುವುದನ್ನೂ, ಸಂಜೆಯ ಮಿರ್ಚಿ–ಮಂಡಕ್ಕಿಯನ್ನು ಬಿಟ್ಟು ಒಂದು ಸುತ್ತು ನಡೆಯುವುದನ್ನೂ ರೂಢಿ ಮಾಡಿಕೊಂಡವರಿಗೆ ಕಡಿಮೆ ಬರುತ್ತದೆ. ಐಸ್‌ಕ್ರೀಮು, ಮಿಲ್ಕ್‌ಶೇಕಿನಂಥವು ಬಲೂನಿನ ಪಕ್ಕದಿಂದ ಜಾರಿ ಸುಲಭವಾಗಿ ಇಳಿಯುತ್ತವೆ ಎಂದು ಕಂಡುಕೊಂಡವರಿಗೆ ಬಲೂನ್ ಇದ್ದಾಗಲೂ ಇಳಿಯುವುದಿಲ್ಲ.

ರಾಣೆಬೆನ್ನೂರಿನ ಸಹೋದರಿಗೆ ಎರಡನೆಯ ಸಲ ಕೆಲಸ ಸಲೀಸಾಗಿ ಆಯಿತು. ಜಠರದಲ್ಲಿ ಎರಡು ಸಣ್ಣ ಹುಣ್ಣುಗಳಿದ್ದವು, ಔಷಧಿಗೆ ಮಾಯುವಂಥವು. ಜೊತೆಗೆ ಹೋದವರು ಅತ್ತೆಯೇ. ಮೂರು ದಿನ ಚಹಾ ಜಾಲರಿ ಹಿಡಿದು ಸಾರು ಸೋಸಿದವರೂ ಅವರೇ. ನರ್ಸಮ್ಮ ಟ್ರೇಯಲ್ಲಿ ತಂದು ತೋರಿಸಿದ ಚೀಲ ಒದ್ದೆಯಾದ ಹಾಲಿನ ಪ್ಯಾಕೆಟ್ಟಿನಷ್ಟೇ ಇತ್ತಂತೆ, ಅಲ್ಲಲ್ಲಿ ಕಂದು ಕಲೆ ಹಿಡಿದು. ಅತ್ತೆ ಅದನ್ನು ಬಹಳ ಹೊತ್ತು ನೋಡಿ, "ಇಷ್ಟ ಏನ್ ಇದು?" ಎಂದು ಕೇಳಿದರಂತೆ. ಮರುವಾರ ಸೊಸೆ ಫೋನ್ ಮಾಡಿ ಕೇಳಿದ್ದು ಒಂದೇ: "ಆಪಾ, ಜ್ವಾಳದ ರೊಟ್ಟಿ ಯಾವಾಗಿಂದ ತಿನ್ಲಿ?" ಹುಣ್ಣು ಮಾಯುವವರೆಗೆ ಮೆತ್ತಗಿನ ಬಿಸಿ ರೊಟ್ಟಿ, ಒಂದೇ ಒಂದು, ಚಟ್ನಿಪುಡಿ ಬೇಡ ಎಂದೆ.